ಕಡವೆ ಕೊಂಬಿನ ಹಿಡಿ, ಶೆಫೀಲ್ಡಿನ ಅಲಗು

ಇಂಗ್ಲೆಂಡಿನ ಶೆಫೀಲ್ಡಿಗೆ ಬಂದ ಎರಡನೇ ವರ್ಷ, ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ 12 ಪೌಂಡ್ ಕೊಟ್ಟು ಒಂದು ಕಾರ್ವಿಂಗ್ ಸೆಟ್ ತಗೊಂಡೆ. ಬೇಯಿಸಿದ ಮಾಂಸದ ದೊಡ್ಡ ತುಂಡನ್ನು ಊಟದ ಮೇಜಿನ ಮೇಲೇ ತೆಳ್ಳಗೆ ಕೊಯ್ದು ಬಡಿಸುವ ಉದ್ದನೆ ಚಾಕು, ಎರಡು ಹಲ್ಲಿನ ಫೋರ್ಕ್, ಮಸೆಯುವ ಉಕ್ಕಿನ ಕಡ್ಡಿ. ಮೂರಕ್ಕೂ ಕೊಂಬಿನ ಹಿಡಿ. ಮನೆಗೆ ತಂದವನೇ ಜಿಡ್ಡು ಬಿಡಲಿ ಅಂತ ಚಾಕುವನ್ನು ಬಿಸಿನೀರಲ್ಲಿ ನೆನೆಹಾಕಿದೆ. ಸ್ವಲ್ಪ ಹೊತ್ತಿಗೆ ಹಿಡಿ ಕಳಚಿ ಕೈಗೇ ಬಂತು.

ಚಾಕು ರಿಪೇರಿಯ ಮೊದಲ ಪಾಠ ನನಗೆ ಸಿಕ್ಕಿದ್ದು ಅಲ್ಲೇ. ನಮ್ಮೂರಿನ ಕಮ್ಮಾರರು ಕುಡುಗೋಲಿನ ಬಾಲವನ್ನು, ಅಂದರೆ ಹಿಡಿಯೊಳಗೆ ಹೋಗುವ ಅಲಗಿನ ತುದಿಯನ್ನು, ಕೆಂಪಗೆ ಕಾಯಿಸಿ ಮರದ ಹಿಡಿಗೆ ಇಳಿಸುತ್ತಿದ್ದರು. ಕೊಂಬು ಆ ಕಾವು ತಡೆಯುವುದಿಲ್ಲ. ಹಾಗಾಗಿ ಇಲ್ಲಿ ತೂತು ಕೊರೆದು, ಕರಗಿಸಿದ ರಾಳ ತುಂಬಿ, ಬಾಲ ಕೂರಿಸುತ್ತಿದ್ದರು. ನಾನೂ ಹಾಗೇ ಮಾಡಿದೆ: ರಾಳ, ಚೂರು ಜೇನುಮೇಣ, ಜರಡಿ ಹಿಡಿದ ಇಟ್ಟಿಗೆ ಪುಡಿ. ಬಾಲವನ್ನು ಬೆಚ್ಚಗೆ ಮಾಡಿ ಒತ್ತಿ ಹಿಡಿದೆ, ಉಕ್ಕಿ ಬಂದ ಅಂಟನ್ನು ಆರಿದ ಮೇಲೆ ಕೆರೆದು ತೆಗೆದೆ. ಎಪಾಕ್ಸಿ ಅಂಟು ಮಾತ್ರ ಬೇಡ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಕೊಂಬೇ ಸೀಳುತ್ತದೆ.

ತುಕ್ಕಿಗೆ ಎಣ್ಣೆ ಮತ್ತು ಅತಿ ನುಣುಪಾದ ಉಕ್ಕಿನ ನಾರು ಸಾಕು. ಮೆಷಿನ್ ಹಚ್ಚಿದರೆ ಅಲಗಿನ ಮೇಲಿನ ತಯಾರಕರ ಮುದ್ರೆ ಅಳಿಸಿಹೋಗುತ್ತದೆ, ಮುದ್ರೆ ಹೋದರೆ ಚಾಕುವಿನ ಕಥೆಯೇ ಹೋಯಿತು. ಟಾರ್ಚನ್ನು ಓರೆಯಾಗಿ ಹಿಡಿದಾಗ ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ ಕಂಡವು: ಶೆಫೀಲ್ಡಿನ ಚಾಕು ಕಂಪನಿ ಜೋಸೆಫ್ ರಾಡ್ಜರ್ಸ್ ಗುರುತು! ಸ್ಟೇನ್‌ಲೆಸ್ ಅಲ್ಲ, ಹಳೇ ಕಾರ್ಬನ್ ಉಕ್ಕು. ಲೋಹತಜ್ಞ ಹ್ಯಾರಿ ಬ್ರಿಯರ್ಲಿ ಇದೇ ಊರಲ್ಲಿ ತುಕ್ಕು ಹಿಡಿಯದ ಉಕ್ಕು ಎರಕ ಹೊಯ್ದದ್ದು 1913ರಲ್ಲಿ. ಊರಿನ ಚಾಕು ಕಸುಬು ಅದಕ್ಕಿಂತ ಎಷ್ಟೋ ಹಳೆಯದು, ಕಸುಬುದಾರರ ಸಂಘವೇ 1624ರದ್ದು.

ಆಮೇಲೆ ಜರ್ಮನಿಯಿಂದ ಗೆಳೆಯನೊಬ್ಬ ಇಂಥದೇ ಇನ್ನೊಂದು ಚಾಕು ತಂದುಕೊಟ್ಟ. ಅದೇ ಮೇಲಕ್ಕೆ ಬಾಗಿದ ತುದಿ, ಅದೇ ಕೊಂಬು, ಹಿಡಿಯ ಬುಡಕ್ಕೆ ಅದೇ ಬೆಳ್ಳಿ ಬಣ್ಣದ ಪಟ್ಟಿ. ಮುದ್ರೆ ಮಾತ್ರ ಜರ್ಮನಿಯ ಚಾಕು ಕಸುಬಿನ ಊರು ಸೋಲಿಂಗೆನ್‌ನದು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಕೆಲವರು ತಮ್ಮ ಮಾಲಿಗೆ ಶೆಫೀಲ್ಡ್ ಹೆಸರನ್ನೇ ಒತ್ತಿ ಮಾರುತ್ತಿದ್ದರು. ಬ್ರಿಟನ್ 1887ರಲ್ಲಿ ಕಾನೂನು ತಂದು ಅದನ್ನು ತಡೆಯಿತು. ಹೆಸರು ಬಿಟ್ಟರು, ಆಕಾರ ಬಿಡಲಿಲ್ಲ. ಸೋಲಿಂಗೆನ್‌ನವರದು ಬರೀ ನಕಲು ಅಂತ ಇಲ್ಲಿನ ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ನನ್ನ ಬಳಿ ಇರುವ ಸೋಲಿಂಗೆನ್ ಅಲಗಿನ ಬೆನ್ನು ತುದಿಯವರೆಗೂ ಒಂದೇ ಹದದಲ್ಲಿ ಸಣ್ಣಗಾಗುತ್ತದೆ. ಅದು ಕೈ ಪಳಗಿದವರ ಕೆಲಸ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಂಬು. ಯುರೋಪಿನ ಜಿಂಕೆಗಳ ಕೊಂಬಿನ ಒಳಗೆ ಸ್ಪಂಜಿನಂಥ ತಿರುಳು ಹೆಚ್ಚು. ನಮ್ಮ ಕಡವೆಯದು ಗಟ್ಟಿ, ಅದಕ್ಕೇ ಶೆಫೀಲ್ಡಿಗೆ ಭಾರತದಿಂದ ಕಡವೆ ಕೊಂಬು ಹಡಗಿನಲ್ಲಿ ಬರುತ್ತಿತ್ತು. ಕಳಚಿ ಬಂದ ಹಿಡಿಯ ತುದಿಯಲ್ಲಿ ತಿರುಳು ಕಡಲೆಕಾಳಿನಷ್ಟೂ ಇರಲಿಲ್ಲ.

ಸೋಲಿಂಗೆನ್ ಚಾಕುವಿನ ಹಿಡಿಯೂ ಈಗ ಅಲ್ಲಾಡುತ್ತಿದೆ. ಈ ಸಲ ಬೇಕಂತಲೇ ಬಿಸಿನೀರಿಗೆ ಇಳಿಸಿ, ಒಳಗಿರುವುದೂ ಇಲ್ಲಿಯ ಥರದ ರಾಳವೇ ಅಂತ ನೋಡಬೇಕು.