ಸ್ಟವ್ ಬಿಡಿ, ಬುತ್ತಿ ಕಟ್ಟಿ: ಎರಡು ದಿನದ ಚಾರಣಕ್ಕೆ ಬ್ಯಾಗ್, ಊಟ

ಮೈಸೂರಿನಿಂದ ಕೊಡಗು, ಚಿಕ್ಕಮಗಳೂರು ಕಡೆ ಚಾರಣಕ್ಕೆ ಹೊರಟವರು ಮೊದಲು ಕೇಳುವುದೇ ಯಾವ ಸ್ಟವ್ ತಗೊಳ್ಳಲಿ ಅಂತ. ಯಾವುದೂ ಬೇಡ. ಕಾಡಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಸುಮ್ನೆ ಹೊರುವುದು ಯಾಕೆ? ಆ ದುಡ್ಡನ್ನು ಬ್ಯಾಗಿಗೆ ಹಾಕಿ.

40ರಿಂದ 50 ಲೀಟರಿನ ಬ್ಯಾಗ್ ಸಾಕು. ಅದಕ್ಕಿಂತ ದೊಡ್ಡದಾದರೆ ಜಾಗ ಇದೆಯಲ್ಲ ಅಂತ ಏನೇನೋ ತುಂಬುತ್ತೀರಿ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿಕೊಂಡರೆ ಏನೂ ಗೊತ್ತಾಗುವುದಿಲ್ಲ, ಏಳೆಂಟು ಕೆಜಿ ತುಂಬಿಸಿ, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆ ಮೇಲೆ ಬಿಗಿದು ಆಮೇಲೆ ಭುಜದ ಪಟ್ಟಿ ಎಳೆಯಿರಿ. ಪಟ್ಟಿ ಹೊಟ್ಟೆ ಮೇಲೆ ಹತ್ತಿ ಕೂತರೆ ಆ ಬ್ಯಾಗ್ ನಿಮ್ಮ ಬೆನ್ನಿಗೆ ಗಿಡ್ಡ. ತುಂಬಿದ ಬ್ಯಾಗ್ ನಿಮ್ಮ ತೂಕದ ಐದನೇ ಒಂದು ಭಾಗ ದಾಟಬಾರದು, ನೀರೂ ಸೇರಿ. ಲೀಟರ್ ನೀರು ಅಂದರೆ ಒಂದು ಕೆಜಿ ಅಲ್ವಾ! ಮಳೆಗಾಲದಲ್ಲಿ ರೇನ್ ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ. ಜೀನ್ಸ್ ಬೇಡವೇ ಬೇಡ, ನೆನೆದರೆ ಒಣಗುವುದಿಲ್ಲ.

ರಾತ್ರಿ ಊಟಕ್ಕೆ ಗೊಜ್ಜವಲಕ್ಕಿಗೆ ಸಮ ಇಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆ ಹದಕ್ಕೆ ತಿರುಗಿಸಿ, ಹುಡಿ ಜರಡಿ ಹಿಡಿದು ತೆಗೆಯಿರಿ, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿಗೆ ಎಣ್ಣೆ ಹಾಕಿ, ಅದು ಮೇಲೆ ಬಿಡುವವರೆಗೆ ಕುದಿಸಿ ಗಟ್ಟಿ ಗೊಜ್ಜು ಮಾಡಿ, ಪುಟ್ಟ ಡಬ್ಬಿಗೆ ತುಂಬಿ. ಕಡಲೆಕಾಯಿ ಬೀಜ, ಕರಿಬೇವಿನ ಒಗ್ಗರಣೆ ಬೇರೆ ಪೊಟ್ಟಣದಲ್ಲಿರಲಿ. ಬೆಟ್ಟದ ಮೇಲೆ ಒಂದು ಲೋಟ ಅವಲಕ್ಕಿ ರವೆಗೆ ಹೆಚ್ಚುಕಮ್ಮಿ ಒಂದು ಲೋಟ ತಣ್ಣೀರು, ಅದರಲ್ಲೇ ಎರಡು ಚಮಚ ಗೊಜ್ಜು ಕದಡಿ ಸುರಿದು, ಇಪ್ಪತ್ತು ನಿಮಿಷ ಮುಚ್ಚಿಡಿ. ಒಗ್ಗರಣೆ ಕೊನೆಗೆ ಹಾಕಿದರೆ ಬೀಜ ಗರಿಗರಿ. ಹಸಿ ತೆಂಗಿನತುರಿ ಒಂದೇ ದಿನಕ್ಕೆ ಹಳಸುತ್ತದೆ, ಒಣ ಕೊಬ್ಬರಿ ಒಯ್ಯಿರಿ.

ಬೆಳಗ್ಗೆಗೆ ರಾಗಿ ಹುರಿಹಿಟ್ಟು, ಹಾಲಿನ ಪುಡಿ, ಕುಟ್ಟಿದ ಮಂಡ್ಯದ ಬೆಲ್ಲ ಬೆರೆಸಿಟ್ಟರೆ ನೀರು ಹಾಕಿ ಕಲಸುವುದಷ್ಟೇ ಕೆಲಸ. ಬೆಲ್ಲ ತೇವಕ್ಕೆ ನೀರೊಡೆಯುತ್ತದೆ, ಎರಡು ಕವರ್ ಹಾಕಿ. ದಾರಿಗೆ ಹುರಿದ ಕಡಲೆಕಾಯಿ ಬೀಜ: 100 ಗ್ರಾಂನಲ್ಲಿ 550 ಕ್ಯಾಲೊರಿಗಿಂತ ಜಾಸ್ತಿ. ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ ಸುಮಾರು 90, ಅದೂ ಬ್ಯಾಗಿನಲ್ಲಿ ಜಜ್ಜಿಹೋಗುತ್ತದೆ.

ಹೊರಡುವ ಹಿಂದಿನ ಭಾನುವಾರ ಇದೇ ಬ್ಯಾಗ್, ಇದೇ ಶೂ ಹಾಕಿಕೊಂಡು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವಾಗ ಹೆಬ್ಬೆರಳು ಶೂ ತುದಿಗೆ ತಾಗಿದರೆ ಲೇಸ್ ಪಾದದ ಮೇಲ್ಗಡೆ ಬಿಗಿ ಮಾಡಿ, ಆಗಲೂ ತಾಗಿದರೆ ಅರ್ಧ ಸೈಜ್ ದೊಡ್ಡದು ತಗೊಳ್ಳಿ.