ಗೂಳಿಕಪ್ಪೆಯನ್ನೂ ದೊಡ್ಡ ಬಾವಲಿಯನ್ನೂ ಮೂಳೆಗೆ ಮೂಳೆ ಹೋಲಿಸಿದ ಅನುಭವ

ಗೂಳಿಕಪ್ಪೆ, ಅಂದರೆ ಹೋಪ್ಲೋಬ್ಯಾಟ್ರಾಕಸ್ ಟೈಗರಿನಸ್, ಮತ್ತು ಹಣ್ಣು ತಿನ್ನುವ ದೊಡ್ಡ ಬಾವಲಿಯಾದ ಟೆರೋಪಸ್ ಮೀಡಿಯಸ್ ಇವೆರಡನ್ನೂ ವಿದ್ಯಾರ್ಥಿಗಳಿಗಾಗಿ ಹೋಲಿಸಿ ಬರೆಯಲು ಕುಳಿತಾಗ ನಾನು ಮೊದಲು ಮಾಡಿದ್ದು ವಾಡಿಕೆಯ ಪಟ್ಟಿಯನ್ನೇ: ಒಂದು ಉಭಯವಾಸಿ, ಇನ್ನೊಂದು ಸಸ್ತನಿ, ಒಂದರ ಹೃದಯಕ್ಕೆ ಮೂರು ಕೋಣೆ, ಇನ್ನೊಂದರದಕ್ಕೆ ನಾಲ್ಕು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬಾವಲಿ ಎಂದಿದ್ದಲ್ಲೆಲ್ಲ ಹಸು ಎಂದು ಬರೆದಿದ್ದರೂ ಪಟ್ಟಿ ಹಾಗೆಯೇ ಉಳಿಯುತ್ತಿತ್ತು.

ಆದ್ದರಿಂದ ಪಟ್ಟಿಯನ್ನು ಬದಿಗಿಟ್ಟು, ಪ್ರಯೋಗಾಲಯದಲ್ಲಿದ್ದ ಎರಡು ಹಳೆಯ ಅಸ್ಥಿಪಂಜರಗಳನ್ನು ಮೇಜಿನ ಮೇಲಿಟ್ಟುಕೊಂಡು ಕೈಕಾಲುಗಳ ಒಂದೊಂದು ಮೂಳೆಯನ್ನೂ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಪ್ರತಿ ಅಳತೆಯನ್ನೂ ಆಯಾ ಪ್ರಾಣಿಯ ದೇಹದ ಉದ್ದದಿಂದ ಭಾಗಿಸಿದೆ. ಎರಡಕ್ಕೂ ಬಾಲವಿಲ್ಲದ ಕಾರಣ ದೇಹದ ಉದ್ದವನ್ನು ಎಲ್ಲಿಂದ ಎಲ್ಲಿಗೆ ಹಿಡಿಯಬೇಕೆಂಬ ತಕರಾರು ಬರಲಿಲ್ಲ. ಹೀಗೆ ಭಾಗಿಸುವುದು ಅನಿವಾರ್ಯ, ಏಕೆಂದರೆ ಪೂರ್ತಿ ಬೆಳೆದ ಗೂಳಿಕಪ್ಪೆಯ ದೇಹದ ಉದ್ದವೇ ಹೆಚ್ಚೆಂದರೆ ಸುಮಾರು 16 ಸೆಂ.ಮೀ.; ಈ ಬಾವಲಿಯ ಮುಂಗೈ ಒಂದೇ ಅಷ್ಟಿರುತ್ತದೆ.

ಮೊದಲ ಸುತ್ತಿನಲ್ಲೇ ಎಡವಿದೆ. ಕಪ್ಪೆಯ ಹಿಂಗಾಲಿನಲ್ಲಿ ತೊಡೆ, ಕಣಕಾಲುಗಳಾದ ಮೇಲೆ ಇನ್ನೊಂದು ಉದ್ದನೆಯ ಭಾಗ ಕಂಡಿತು. ಅದನ್ನೇ ಕಣಕಾಲೆಂದು ಬರೆದುಕೊಂಡಿದ್ದೆ. ನಿಜವಾದ ಕಣಕಾಲಿನಲ್ಲಿ ಟಿಬಿಯಾ, ಫಿಬ್ಯುಲಾಗಳು ಬೆಸೆದು ಒಂದೇ ಮೂಳೆಯಾಗಿರುತ್ತವೆ; ನಾನು ಅಳೆದದ್ದು ಹರಡಿನ, ಅಂದರೆ ಪಾದ ಸೇರುವ ಗಂಟಿನ, ಆಸ್ಟ್ರಾಗಲಸ್ ಮತ್ತು ಕ್ಯಾಲ್ಕೇನಿಯಂ ಮೂಳೆಗಳನ್ನು. ನಮ್ಮ ಹಿಮ್ಮಡಿಯ ಬಳಿ ಗಿಡ್ಡಗಿರುವ ಈ ಮೂಳೆಗಳು ಕಪ್ಪೆಯಲ್ಲಿ ನೀಳವಾಗಿ ಬೆಳೆದು, ನೆಗೆತಕ್ಕೆ ಒಂದು ಹೆಚ್ಚುವರಿ ಸನ್ನೆಗೋಲಾಗಿವೆ.

ಲೆಕ್ಕ ತಿದ್ದಿದ ಮೇಲೆ ವ್ಯತ್ಯಾಸ ಸ್ಪಷ್ಟವಾಯಿತು. ಬಾವಲಿಯಲ್ಲಿ ನೀಳವಾಗಿರುವುದು ಮುಂಗೈಯ ರೇಡಿಯಸ್ ಮೂಳೆ ಮತ್ತು ಅಂಗೈ, ಬೆರಳುಗಳ ಮೂಳೆಗಳು. ಮುಂಗೈಯ ಇನ್ನೊಂದು ಮೂಳೆಯಾದ ಅಲ್ನಾ ಸವೆದು ಕಡ್ಡಿಯಂತಾಗಿದೆ. ಹೆಬ್ಬೆರಳು ಮಾತ್ರ ಗಿಡ್ಡವಾಗಿಯೇ ಉಳಿದು, ಕೊಂಬೆ ಹಿಡಿಯಲು ಉಗುರನ್ನು ಇಟ್ಟುಕೊಂಡಿದೆ. ತೋರುಬೆರಳಿಗೂ ಒಂದು ಪುಟ್ಟ ಉಗುರಿದೆ. ಬೆರಳುಗಳ ನಡುವೆ ಚರ್ಮ ಚಾಚುವ ಉಪಾಯ ಎರಡರಲ್ಲೂ ಇದೆ, ಆದರೆ ಕಪ್ಪೆಯಲ್ಲಿ ಅದು ಪಾದದಲ್ಲಿ, ಬಾವಲಿಯಲ್ಲಿ ಕೈಯಲ್ಲಿ. ಹಾಗಾಗಿ ಕಪ್ಪೆಯ ಜಾಲಪಾದವನ್ನು ಬಾವಲಿಯ ರೆಕ್ಕೆಯ ಪಕ್ಕದಲ್ಲಿಟ್ಟು ರಚನಾನುರೂಪಿ ಅಂಗಗಳೆಂದು, ಅಂದರೆ ಪೂರ್ವಜರ ಒಂದೇ ಅಂಗದಿಂದ ಬಂದವೆಂದು, ಬರೆದರೆ ತಪ್ಪಾಗುತ್ತದೆ. ಜೋಡಿಯಾಗಬೇಕಾದ್ದು ರೆಕ್ಕೆ ಮತ್ತು ಕಪ್ಪೆಯ ನಾಲ್ಕೇ ಬೆರಳಿನ ಮುಂಗಾಲು.

ಬಾವಲಿಯ ಹಿಂಗಾಲಿನ ಅಂಕಿಗಳನ್ನಷ್ಟೇ ನೋಡಿದವರು ಅದು ದುರ್ಬಲವೆಂದುಕೊಂಡಾರು. ಹಗಲೆಲ್ಲ ತಲೆಕೆಳಗಾಗಿ ತೂಗುವಾಗ ದೇಹದ ಭಾರವೇ ಬೆರಳಿನ ಸ್ನಾಯುರಜ್ಜುಗಳನ್ನು ಎಳೆದು ಹಿಡಿತವನ್ನು ಭದ್ರಪಡಿಸುವುದು ಮೂಳೆಯ ಅಳತೆಯಲ್ಲಿ ಕಾಣುವುದಿಲ್ಲವಾದ್ದರಿಂದ, ಅದನ್ನು ಕೋಷ್ಟಕದ ಪಕ್ಕದ ಅಂಚಿನಲ್ಲಿ ಬೇರೆಯಾಗಿ ಬರೆದಿಟ್ಟೆ.