ಆಫ್ರಿಕಾದ ಕಾಡೆಮ್ಮೆಗೆ ಎಂಥ ಗುಂಡು?

ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ಮರದ ತುದಿಯ ತೆಂಗಿನಕಾಯಿ ಉದುರಿಸುವ ನಮ್ಮ ಗುರಿಕಾರರು ಆಫ್ರಿಕಾಕ್ಕೆ ಹೊರಟರೆ ಮೊದಲು ಕೇಳುವುದು ಕೋವಿಯ ವಿಷಯ. ನಾನು ಮೊದಲು ನೋಡುವುದು ಗುಂಡು. (ನಮ್ಮ ಕಾಡಿನಲ್ಲಿ ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಅಷ್ಟೇ. ಇಲ್ಲಿ ಹೇಳುತ್ತಿರುವುದು ಅಲ್ಲಿನ ಪರವಾನಗಿ ಪಡೆದು ಹೊಡೆಯುವ ಕೇಪ್ ಕಾಡೆಮ್ಮೆಯ ಮಾತು.)

ಅಲ್ಲಿನ ಹಲವು ದೇಶಗಳಲ್ಲಿ ಇಂಥ ಪ್ರಾಣಿಗೆ .375 ಎಚ್ ಅಂಡ್ ಎಚ್ ತೋಟಾ ಕನಿಷ್ಠ ಅಳತೆ (.375 ಎಂದರೆ ಇಂಚಿನಲ್ಲಿ ಗುಂಡಿನ ವ್ಯಾಸ). ಅದರಲ್ಲಿ ನನ್ನ ಆಯ್ಕೆ 300 ಗ್ರೇನ್ (7000 ಗ್ರೇನ್‌ಗೆ ಒಂದು ಪೌಂಡು) ಗುಂಡು, ಸೆಕೆಂಡಿಗೆ ಸುಮಾರು 2500 ಅಡಿ ವೇಗ. ಗುಂಡಿನ ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು, ಇಂಚಿನಲ್ಲಿರುವ ವ್ಯಾಸದ ವರ್ಗದಿಂದ ಭಾಗಿಸಿದರೆ ಇದಕ್ಕೆ 0.305 ಬರುತ್ತದೆ; .458ರ 500 ಗ್ರೇನ್‌ಗೆ 0.341. ಈ ಸಂಖ್ಯೆ ಹೆಚ್ಚಿದ್ದಷ್ಟೂ ಗುಂಡು ಆಳಕ್ಕೆ ಇಳಿಯುತ್ತದೆ. ಸೀಸದ ಗುಂಡಾದರೆ 0.300ಕ್ಕಿಂತ ಕೆಳಗಿನದನ್ನು ನಾನು ಮುಟ್ಟುವುದಿಲ್ಲ. ಆದರೆ ಈ ಲೆಕ್ಕ ನಿಲ್ಲುವುದು ಗುಂಡು ಒಳಗೆ ಹೋದ ಮೇಲೂ ಒಂದೇ ತುಂಡಾಗಿ ಉಳಿದರೆ ಮಾತ್ರ. ಜಿಂಕೆಗೆಂದು ಮಾಡಿದ ತೆಳು ಕವಚದ ಗುಂಡು ಭುಜದ ಮೂಳೆಗೆ ತಾಗಿದ ಕೂಡಲೇ ಚೂರಾಗುತ್ತದೆ, ಶ್ವಾಸಕೋಶದವರೆಗೆ ಹೋಗುವುದೇ ಇಲ್ಲ. ಗಾಯಗೊಂಡ ಎಮ್ಮೆ ಪೊದೆ ಸೇರಿ ಕಾಯುತ್ತದೆ.

ಅದಕ್ಕೇ ಪೆಟ್ಟಿಗೆಯ ಮೇಲಿನ ಬರಹ ನಂಬದೆ ಪರೀಕ್ಷೆ ಮಾಡುತ್ತೇನೆ. ಹಳೇ ಪೇಪರಿನ ಕಟ್ಟುಗಳನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ರೇಂಜಿನಲ್ಲಿ ಮಣ್ಣಿನ ದಿಬ್ಬದ ಎದುರು ಸಾಲಾಗಿ ಒತ್ತಿ ಜೋಡಿಸಬೇಕು. ದೂರ 25 ಗಜ ಸಾಕು. ಹತ್ತಿರದಲ್ಲೇ ವೇಗ ಹೆಚ್ಚು. 100 ಗಜದಲ್ಲಿ ಚೆಂದಕ್ಕೆ ಅಣಬೆಯಂತೆ ಅರಳಿದ ಗುಂಡು ಇಲ್ಲಿ ಒಡೆದು ಹೋಗಬಹುದು. ಹೊರತೆಗೆದು ತೊಳೆದು ತೂಗಿದಾಗ 300ರಲ್ಲಿ 270 ಗ್ರೇನ್ ಉಳಿದಿದ್ದರೆ ಒಪ್ಪುತ್ತೇನೆ. ತಾಮ್ರದ ಕವಚ ಒಂದು ಕಡೆ, ಸೀಸದ ತಿರುಳು ಇನ್ನೊಂದು ಕಡೆ ಸಿಕ್ಕಿದರೆ ಆ ಗುಂಡು ಬೇಡ. ಕವಚಕ್ಕೆ ಬೆಸೆದ ಸೀಸ, ಇಲ್ಲವೇ ಪೂರ್ತಿ ತಾಮ್ರದ ಗುಂಡು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುತ್ತವೆ.

ಮೊದಲ ಈಡು ಅರಳುವ ಸಾಫ್ಟ್, ಮ್ಯಾಗಜೀನಿನಲ್ಲಿ ಉಳಿದವು ಅರಳದ ಸಾಲಿಡ್. ಮೊದಲೇ ಸಾಲಿಡ್ ಹೊಡೆದರೆ ಅದು ಎಮ್ಮೆಯನ್ನು ದಾಟಿ ಹಿಂದೆ ನಿಂತ ಇನ್ನೊಂದಕ್ಕೂ ತಾಗೀತು. ಎರಡನೇ ಈಡಿನ ಹೊತ್ತಿಗೆ ಎಮ್ಮೆ ತಿರುಗಿ ಓಡುತ್ತಿರುತ್ತದೆ. ಹಿಂದಿನಿಂದ ಹೊಡೆದ ಗುಂಡು ಹುಲ್ಲು ತುಂಬಿದ ಹೊಟ್ಟೆಯನ್ನು ದಾಟಬೇಕು, ಅದು ಸಾಲಿಡ್‌ನ ಕೆಲಸ. ಆನೆಯ ತಲೆಗಂತೂ ಸಾಲಿಡ್ ಬಿಟ್ಟರೆ ಬೇರೆ ಮಾತಿಲ್ಲ. ದುಂಡು ಮೂತಿಯ ಸಾಲಿಡ್ ಒಳಗೆ ದಾರಿ ತಪ್ಪಿ ಮಗುಚುವುದುಂಟು. ಚಪ್ಪಟೆ ಮೂತಿಯದು ನೆಟ್ಟಗೆ ಹೋಗುತ್ತದೆ. ಆದರೆ ಅದೇ ಚಪ್ಪಟೆ ಮೂತಿ ಕೆಲವು ರೈಫಲ್‌ಗಳಲ್ಲಿ ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಬಾಯಿಗೆ ತಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಒಯ್ಯುವ ಎರಡೂ ಬಗೆಯನ್ನು ಮ್ಯಾಗಜೀನ್ ತುಂಬಿ, ಬೋಲ್ಟನ್ನು ಜೋರಾಗಿ ಎಳೆದು ತಳ್ಳಿ, ರೇಂಜಿನಲ್ಲೇ ನೋಡಿ.

ಹೊಡೆತದ ಹಿಮ್ಮೆಟ್ಟಿಗೆ ಮ್ಯಾಗಜೀನಿನಲ್ಲಿ ಉಳಿದ ತೋಟಾಗಳ ಗುಂಡು ಹಿತ್ತಾಳೆಯ ಕೊಳವೆಯೊಳಕ್ಕೆ ಜರುಗುವುದೂ ಉಂಟು, .458ರಲ್ಲಿ ಇನ್ನೂ ಹೆಚ್ಚು. ಕೊನೆಯ ತೋಟಾದ ಉದ್ದವನ್ನು ಉಳಿದವನ್ನು ಹೊಡೆಯುವ ಮೊದಲೂ ಆಮೇಲೂ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಕಡಿಮೆಯಾಗಿದ್ದರೆ ಹಿತ್ತಾಳೆಯ ಬಾಯಿಯ ಬಿಗಿತ ಸಾಲದು ಎಂದರ್ಥ. ಮಡಿಕೇರಿಯ ಮಳೆಗಾಲದಲ್ಲಿ ತೋಟಾಗಳನ್ನು ಚರ್ಮದ ಬೆಲ್ಟಿನಲ್ಲೇ ಬಿಡಬೇಡಿ, ಹಸಿರು ಕಿಲುಬು ಹಿಡಿಯುತ್ತದೆ.

ಎಸ್ಟೇಟ್ ಮನೆಗಳಲ್ಲಿ ಉಳಿದಿರುವ ಹಳೇ ಜೋಡುನಳಿಗೆ ರೈಫಲ್‌ಗಳ ಕಥೆ ಬೇರೆ. ನೈಟ್ರೋ ಪ್ರೂಫ್ ಮುದ್ರೆ (ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ ಗುರುತು) ಇಲ್ಲದಿದ್ದರೆ ಇಂದಿನ ತೋಟಾ ಹಾಕಲೇಬಾರದು. ಮುದ್ರೆ ಇದ್ದರೂ ತೆಳು ನಳಿಗೆಗೆ ಗಟ್ಟಿ ಲೋಹದ ಸಾಲಿಡ್ ಒಳ್ಳೆಯದಲ್ಲ. ಎರಡೂ ನಳಿಗೆ ಒಂದೇ ಕಡೆ ಹೊಡೆಯುವಂತೆ ಕೂಡಿಸಿರುವುದು ಒಂದು ತೂಕಕ್ಕೆ, ಒಂದು ವೇಗಕ್ಕೆ. ನಿಂತುಕೊಂಡೇ ಬಲ, ಎಡ ಒಂದೊಂದು ಹೊಡೆದು, ನಳಿಗೆ ಆರಲು ಬಿಟ್ಟು ಮತ್ತೆ ಹೊಡೆಯಿರಿ. ಬಲನಳಿಗೆಯದು ಬಲಕ್ಕೆ, ಎಡದ್ದು ಎಡಕ್ಕೆ ಅಗಲಿ ಬಿದ್ದರೆ ತೋಟಾ ನಿಧಾನ. ಅಡ್ಡ ಹಾಯ್ದು ಬಿದ್ದರೆ ವೇಗ ಹೆಚ್ಚು.